ಕಾಂಪ್ಲೆಕ್ಸಿನ ಕೆಂಪು ನೀರು

ಮೊಬೈಲ್ ಅಂಗಡಿಯ ಹುಸೇನಪೀರ ಪಾಯಖಾನೆಯಿಂದ ಹೊರಬಂದಾಗ ಅವನ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಮೆಟ್ಟಿಲ ಮೇಲೆ ಕುಳಿತು ಆಗಷ್ಟೇ ಚಹಾದ ಗ್ಲಾಸನ್ನು ತುಟಿಗೆ ಹಿಡಿದಿದ್ದ ವೀರೇಶನ ಕಿವಿಯಲ್ಲಿ, "ಅಣ್ಣಾ, ನನ್ನ ಕತಿ ಮುಗೀತು ಕಾಣ್ತೈತಿ. ರಕ್ತ ಹೊಂಟೈತಿ" ಎಂದ.

ವೀರೇಶ ಇಳಕಲ್ಲಿನ ಆ ಕಾಂಪ್ಲೆಕ್ಸಿನ ಮ್ಯಾನೇಜರ್. ಮ್ಯಾನೇಜರ್ ಎಂದರೆ ಬಲ್ಬು ಬದಲಿಸುವವನೂ ಅವನೇ, ಬೈಸಿಕೊಳ್ಳುವವನೂ ಅವನೇ. ಕೈ ತೊಳೆದ ನೀರು, ತಾರಸಿಯ ಮಳೆನೀರು ಎರಡನ್ನೂ ಮರಳು, ಇದ್ದಿಲಿನಲ್ಲಿ ಸೋಸಿ, ಬೇರೆ ಟ್ಯಾಂಕಿಗೆ ಏರಿಸಿ, ಪಾಯಖಾನೆಯ ಫ್ಲಶ್ಶಿಗೆ ಬಿಡುವ ಏರ್ಪಾಡನ್ನು ಮಾಲಕಿ ರಾಜಶ್ರೀಯವರ ಬೆನ್ನುಬಿದ್ದು ಮಾಡಿಸಿದವನೂ ಅವನೇ. ಅಂದಿನಿಂದ ಅವನಿಗೆ ನೆಟ್ಟಗೆ ನಿದ್ದೆಯಿಲ್ಲ.

ಚಹಾ ಬಿಟ್ಟು ಎದ್ದು ಹೋಗಿ ಫ್ಲಶ್ ಒತ್ತಿದ. ಕುಂಕುಮ ಕಲಸಿದಂತಹ ನೀರು ಭರ್ರೆಂದು ಸುರಿಯಿತು. ರೋಗ ಹುಸೇನಪೀರನಿಗಲ್ಲ, ಕಟ್ಟಡಕ್ಕೆ.

ಅಷ್ಟರಲ್ಲಿ ಸುದ್ದಿ ಮಹಡಿ ಹತ್ತಿತ್ತು. ಮೇಲಿನ ದವಾಖಾನೆಯ ಪ್ರಿಯದರ್ಶಿನಿ ಡಾಕ್ಟರರ ಮುಂದೆ ಗಂಡಸರ ಸಾಲು.

"ನಾ ಹಲ್ಲಿನ ಡಾಕ್ಟರ್ರೀ. ನೀವು ಹೇಳೂ ಜಾಗಾ ನನ್ನ ಕಡಿ ಬರೂದಿಲ್ಲ."

"ಡಾಕ್ಟರ್ ಅಂದ್ರ ಡಾಕ್ಟರ್ ಅಲ್ಲೇನ್ರಿ, ಒಂದೀಟು ನೋಡ್ರಿ" ಎಂದ ವಿಮಾ ಏಜೆಂಟ್ ಹುಲ್ಲಪ್ಪ. ಬೇರೆ ದಾರಿ ಕಾಣದೆ ಬಾಯಿಯನ್ನಾದರೂ ತೆರೆದ.

ಎಲ್ಲರಿಗಿಂತ ಜೋರು ದನಿ ಸೀರೆ ಅಂಗಡಿಯ ಶಿವಸಂಗಪ್ಪನದು. "ಮಂದಿ ಕೈ ತೊಳದ ನೀರು ತಂದು ಎಲ್ಲಾ ಹೊಲಸು ಮಾಡಿಟ್ಟಿ. ನನ್ನ ಗಿರಾಕಿ ಓಡಿಹೋದ್ರ ಯಾರು ಜವಾಬ್ದಾರಿ?" ಎಂದು ವೀರೇಶನನ್ನು ಬೈದು, ಮಾಲಕಿಗೂ ಫೋನು ಮಾಡಿಬಿಟ್ಟ.

ಕೂಡಲೇ ವೀರೇಶನ ಫೋನು ರಿಂಗಾಯಿತು. "ಸಂಜಿಗೆ ನಮ್ಮ ಏರ್ಪಾಡು ನೋಡಾಕ ನಗರಸಭಿ ಎಂಜಿನಿಯರ್ ಸಾಹೇಬ್ರು ಬರ್ತಾರ" ಎಂದರು ರಾಜಶ್ರೀ. "ಅಷ್ಟರಾಗ ಆ ಕೆಂಪು ಹೋಗಬೇಕು. ಇಲ್ಲಂದ್ರ ನೀ ಹೋಗಬೇಕು."

ವೀರೇಶ ಒಂದೊಂದೇ ಬೇಸಿನ್ ನೋಡುತ್ತ ಕೆಳಗಿಳಿದ. ಸೀರೆ ಅಂಗಡಿಯ ಹಿಂದಿನ ಬೇಸಿನ್ನಿನಲ್ಲಿ ಶಿವಸಂಗಪ್ಪ ಬಗ್ಗಿಕೊಂಡು ಒಂದು ಸೀರೆ ಹಿಂಡುತ್ತಿದ್ದ. ಮೊಣಕೈವರೆಗೆ ಕೆಂಪು.

"ಬಣ್ಣ ಬಿಡೂದಿಲ್ಲ ಅಂತ ಗಿರಾಕಿಗೆ ತೋರಸಾಕ ತೊಳದೆ" ಎಂದ ಮೆಲ್ಲಗೆ. "ಬಿಡ್ತು. ಮುಂಜಾನಿಂದ ಬಿಡಾಕತ್ತೈತಿ, ನಿಲ್ಲವಲ್ತು." ಆಮೇಲೆ ಆ ಕೆಂಪು ಕೈಗಳನ್ನೇ ಜೋಡಿಸಿದ. "ಯಾರಿಗೂ ಹೇಳಬ್ಯಾಡಪಾ. ಊರಾಗ ತಲಿ ಎತ್ತಾಕ ಆಗೂದಿಲ್ಲ."

ವಯಸ್ಸಾದ ಮನುಷ್ಯ, ಹೋಗಲಿ ಎಂದು ವೀರೇಶ ತಲೆಯಾಡಿಸಿದ. ಸೋಸುವ ಇದ್ದಿಲೇ ಕೆಟ್ಟಿದೆ, ತಪ್ಪು ತನ್ನದೇ ಎಂದು ಎಲ್ಲರಿಗೂ ಹೇಳಿಕೊಂಡು ಬಂದ. ಬರುವಾಗ ಪಡಸಾಲೆಯಲ್ಲಿ ಶಿವಸಂಗಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಇಂಥವ್ರ ಕೈಯಾಗ ಕಟ್ಟಡ ಕೊಟ್ರ ಹಿಂಗ ಆಗತೈತಿ" ಎಂದು ಮಂದಿಗೆ ಹೇಳುತ್ತಿದ್ದ.

ಬಿಸಿಲು ಇಳಿಯುವವರೆಗೆ ವೀರೇಶ ಟ್ಯಾಂಕಿನೊಳಗೇ ಇದ್ದ. ಕೆಂಪು ನೀರು ಬಸಿದ, ಗೋಡೆ ತಿಕ್ಕಿದ, ಮರಳು, ಇದ್ದಿಲು ಬದಲಿಸಿದ, ಕೂಡಿಟ್ಟ ಮಳೆನೀರನ್ನು ತುಂಬಿಸಿದ. ಹೊರಬಂದಾಗ ಸೊಂಟ ಕೊಡೆಯ ಹಿಡಿಕೆಯಂತೆ ಬಾಗಿತ್ತು, ನೆಟ್ಟಗಾಗಲಿಲ್ಲ. ಆದರೆ ಫ್ಲಶ್ಶಿನಲ್ಲಿ ನೀರು ಕನ್ನಡಿಯಂತೆ ಇಳಿಯಿತು.

ಎಂಜಿನಿಯರ್ ಬಂದರು. ಫ್ಲಶ್ ಒತ್ತಿದರು, ಮತ್ತೊಮ್ಮೆ ಒತ್ತಿದರು.

"ನೀರು ಭಾಳ ಸ್ವಚ್ಛ ಐತಿ."

ವೀರೇಶನ ಅರ್ಧ ದಣಿವು ಇಳಿಯಿತು.

"ಅದ ತಪ್ಪು ನೋಡ್ರಿ" ಎಂದರು ಅವರು. "ಕುಡಿಯೂ ನೀರು ಅಂತ ಯಾರರ ತಿಳ್ಕೊಂಡ್ರ? ನೋಡಿದ ಕೂಡ್ಲೇ ಇದು ಬಳಸಿದ ನೀರು ಅಂತ ಗುರ್ತು ಸಿಗಬೇಕು. ಬಣ್ಣ ಹಾಕ್ರಿ. ನಾಳಿ ಮತ್ತ ಬಂದು ನೋಡ್ತೇನಿ."

ರಾಜಶ್ರೀ ವೀರೇಶನ ಕಡೆ ತಿರುಗಿದರು. "ಮುಂಜಾನಿ ಬಣ್ಣ ಇತ್ತಲ್ಲೋ. ಯಾಕ ತಗದಿ?"

ವೀರೇಶ ಬಕೆಟ್ ಎತ್ತಿಕೊಂಡು ಮತ್ತೆ ತಾರಸಿಯ ಮೆಟ್ಟಿಲು ಹತ್ತತೊಡಗಿದ. ಹಿಂದಿನಿಂದ ಶಿವಸಂಗಪ್ಪ ಬಂದು ಕಿವಿಯಲ್ಲಿ ಪಿಸುಗುಟ್ಟಿದ.

"ಯಾವ ಬಣ್ಣ ಬೇಕು ಹೇಳಪಾ. ನನ್ನ ಕಡಿ ಎಲ್ಲಾ ಬಣ್ಣದ ಸೀರಿ ಅದಾವ."