ನಡುಮನೆಯಿಂದ ಅಡುಗೆಮನೆಗೆ ರೈಲು

ಯಾರ ಕೈಲೂ ಆಗದ ಕೆಲಸವೊಂದನ್ನು ನಮ್ಮ ಮನೆಯವರು ಲುಂಗಿ ಉಟ್ಟುಕೊಂಡೇ ಮಾಡಲು ಹೊರಟಿದ್ದರು ಎಂದರೆ ನಂಬುತ್ತೀರಾ? ಹೊಸದುರ್ಗಕ್ಕೆ ರೈಲು ತರುವುದು!

ನಮ್ಮೂರಿನ ಹೆಸರಿನ ಸ್ಟೇಷನ್ ಒಂದಿದೆ, ನಿಜ. ಆದರೆ ಅದು ಹೊಸದುರ್ಗ ರೋಡ್. ಅಲ್ಲಿ ಇಳಿದವರು ಊರು ಸೇರಲು ಮತ್ತೆ ಬಸ್ಸು ಹಿಡಿಯಬೇಕು. ಇವರಿಗೆ ಇದು ಸ್ವಂತ ಅವಮಾನ. "ರೈಲು ಅಂದ್ರೆ ಊರೊಳಗೆ ಬರ್ಬೇಕಪ್ಪ" ಎನ್ನುತ್ತಿದ್ದರು.

ನಿವೃತ್ತಿಯಾದದ್ದೇ ತಡ, ಆಟಿಕೆ ರೈಲೊಂದು ಮನೆಗೆ ಬಂತು. ಆಟಿಕೆ ಎಂದರೆ ಕೋಪ! "ಮಾಡೆಲ್ ಅಂತ ಹೇಳು." ಯೋಜನೆ ಸರಳವಾಗಿತ್ತು. ನಡುಮನೆಯ ಟೀವಿ ಕೆಳಗೆ ಹೊಸದುರ್ಗ ರೋಡ್, ಅಡುಗೆಮನೆಯ ಒಲೆ ಪಕ್ಕ ಹೊಸದುರ್ಗ, ನಡುವೆ ಹಲಗೆಯ ಮೇಲೆ ಹಳಿ. ಬೇರೆ ಯಾರಾದರೂ ಒಂದು ಭಾನುವಾರದಲ್ಲಿ ಮುಗಿಸುತ್ತಿದ್ದರು. ಇವರೋ ಸರ್ಕಾರಿ ನೌಕರಿಯುದ್ದಕ್ಕೂ ಭೂಸ್ವಾಧೀನದ ಕಡತ ನೋಡಿದವರು. ನೋಟಿಸ್ ಕೊಡದೆ ಸ್ಟೂಲನ್ನೂ ಸರಿಸುವವರಲ್ಲ!

ಮೊದಲ ನೋಟಿಸನ್ನು ಹಳಿಯ ದಾರಿಗೆ ಅಡ್ಡವಿದ್ದ ನನ್ನ ರಾಗಿ ಡ್ರಮ್ಮಿಗೆ ಅಂಟಿಸಿದರು.

"ಜಾಗಕ್ಕೆ ಜಾಗ ಕೊಡ್ರಿ" ಎಂದೆ.

"ಎಲ್ಲೈತೆ ಜಾಗ?"

"ನಿಮ್ಮ ಬೀರು ಇರೋ ಕಡೆ."

ನಿಯಮ ಎಂದರೆ ನಿಯಮ. ಡ್ರಮ್ ಮಲಗುವ ಕೋಣೆಗೆ ಬಂತು, ಬೀರು ಹಿತ್ತಿಲ ಶೆಡ್ಡಿಗೆ ಹೋಯಿತು. ಅಂದಿನಿಂದ ಅಂಗಿ ಬೇಕಾದರೆ ಯಜಮಾನರು ಹಿತ್ತಿಲಿಗೆ ನಡೆಯಬೇಕು!

ಇನ್ನು ಬಜೆಟ್. ಹಳಿಗೆ ಇಷ್ಟು, ಸೇತುವೆಗೆ ಇಷ್ಟು, "ಇತರೆ"ಗೆ ಇಷ್ಟು. ಇತರೆ ಎಂದರೆ ಬಡಗಿ ಖಾದರ್ ಸಾಬರ ಜೊತೆ ನಡೆಯುವ ಸಭೆಗಳ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಸೇತುವೆಯ ದುಡ್ಡನ್ನೆಲ್ಲ ಇತರೆಯೇ ತಿಂದು ಹಾಕಿತು.

"ಸೇತುವೆ ಎಲ್ರೀ?"

"ಹೊಳೆ ಕ್ಯಾನ್ಸಲ್ ಮಾಡಿದೀನಿ. ಹೊಳೆನೇ ಇಲ್ಲದ ಮೇಲೆ ಸೇತುವೆ ಯಾಕೆ?"

ಸಾಬರು ಬಜ್ಜಿ ಕಚ್ಚುತ್ತಾ, "ಸಾಹೇಬ್ರೇ, ಗಾಡಿ ಅಂಗೈಯಷ್ಟೈತೆ, ಆಫೀಸು ಊರಷ್ಟೈತೆ!" ಎಂದರು.

ಅಂತೂ ಹಳಿ ಅಡುಗೆಮನೆಯ ಹೊಸ್ತಿಲಿಗೆ ಬಂತು. ಒಳಗಿನ ಜಾಗಕ್ಕೆ ನನಗೇ ನೋಟಿಸ್! ನಾನು ಆಕ್ಷೇಪಣೆ ಹಾಕಿದೆ. ಹಿತ್ತಿಲಿಗೆ ಹೋಗಿ ಅಂಗಿ ತೊಟ್ಟು ಬಂದ ಅಧಿಕಾರಿಗಳು ಮೇಜಿನ ಹಿಂದೆ ಕುಳಿತರು.

"ಹೆಸರು?"

"ಮದುವೆ ಆದಾಗ್ನಿಂದ ಕೂಗ್ತಿದೀರಲ್ರಿ, ಅದೇ!"

"ಆಕ್ಷೇಪಣೆ ಏನು?"

"ಬಿಸಿ ಸಾರು ಹಿಡ್ಕಂಡು ಹಲಗೆ ಎಡವಿದ್ರೆ ಯಾರು ಹೊಣೆ?"

ಅವರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಆಕ್ಷೇಪಣೆ ಸರಿ ಐತೆ. ಹಳಿ ಹೊಸ್ತಿಲು ದಾಟಂಗಿಲ್ಲ."

ತಮ್ಮ ಕನಸಿನ ವಿರುದ್ಧ ತಾವೇ ತೀರ್ಪು ಕೊಟ್ಟ ಅಧಿಕಾರಿಯನ್ನು ಎಲ್ಲಾದರೂ ಕಂಡಿದ್ದೀರಾ?

"ಬೇಜಾರಿಲ್ವೇನ್ರೀ?"

"ರೈಲು ಅಲ್ಲೀಗಂಟ ಬಂದಿದ್ದೇ ಹೆಚ್ಚು. ನಿನ್ನ ಕಾಲು ಸುಟ್ರೆ ಏನು ಮಾಡ್ಲಿ?"

ಆಮೇಲೆ ದಿನಾ ರೈಲು ಹೊಸ್ತಿಲವರೆಗೆ ಬರುತ್ತಿತ್ತು. ನಿಂತು ಸೀಟಿ ಹಾಕಿ ಹಿಂದಕ್ಕೆ ಹೋಗುತ್ತಿತ್ತು. ಅವರು ಅದರ ಜೊತೆಗೇ ಬಂದು ಜೊತೆಗೇ ಹೋಗುತ್ತಿದ್ದರು.

ಅವರು ತೀರಿಕೊಂಡು ವರ್ಷ ತುಂಬಿಲ್ಲ. ಮೊನ್ನೆ ಸಾಬರನ್ನು ಕರೆಸಿ ಉಳಿದ ಹಲಗೆಯನ್ನು ಒಲೆಯವರೆಗೆ ಹಾಕಿಸಿದೆ.

"ಎಡವೀರಮ್ಮಾ" ಎಂದರು.

"ನೋಡ್ಕಂಡು ಓಡಾಡ್ತೀನಿ, ಹಾಕ್ರಿ."

ಸ್ವಿಚ್ ಒತ್ತಿದೆ. ರೈಲು ಹೊಸ್ತಿಲಲ್ಲಿ ಕೊಂಚ ತಡವರಿಸಿ, ದಾಟಿ, ಒಲೆಯ ಪಕ್ಕ ನಿಂತಿತು. ಸಾಬರು ಮುಖ ಆಚೆ ತಿರುಗಿಸಿಕೊಂಡರು. ನಾನು ಬಗ್ಗಿ ಮೆಲ್ಲಗೆ ಹೇಳಿದೆ:

"ಊರು ಬಂತು ಕಣ್ರೀ. ಇಳೀರಿ."