ಗ್ರೈಂಡರ್ ಎಸೆದ ಮೊದಲ ಓವರ್

ನೈರೋಬಿಯ ಎಂಬಕಸಿಯಲ್ಲಿರುವ ಕಾರ್ಗೋ ಆಫೀಸಿನ ವಲೇರಿಯನ್ ತನ್ನ ಕ್ರಿಕೆಟ್ ತಂಡಕ್ಕೆ ಒಂದು ರನ್ ಬಾಕಿ ಇಟ್ಟಿದ್ದ. ಎಂಬತ್ತೇಳನೇ ಇಸವಿಯಲ್ಲಿ ಆಡಿದ ಪಂದ್ಯಗಳಲ್ಲೆಲ್ಲ ಸೊನ್ನೆ. ಅಲ್ಲಿನ ಮಂಗಳೂರಿಗರ ತಂಡದ ಕ್ಯಾಪ್ಟನ್ ವಿನ್ಸೆಂಟ್, ಅಂದರೆ ವಲೇರಿಯನನ ಹೆಂಡತಿ ಫ್ಲಾವಿಯಾಳ ಅಣ್ಣ, ಕೊನೆಗೆ ಹೇಳಿಯೇಬಿಟ್ಟ: "ಈ ಭಾನುವಾರ ಒಂದು ರನ್ ಹೊಡಿ ವಲ್ಲಿ. ಇಲ್ಲಾಂದ್ರೆ ಟೀಮಲ್ಲಿ ಜಾಗ ಇಲ್ಲ."

"ಒಂದಲ್ಲ ಭಾವ, ಐವತ್ತು ಹೊಡೀತೇನೆ."

ಈ ಧೈರ್ಯ ಬಂದದ್ದು ಲೈಬ್ರರಿಯ ಹಳೇ ಪುಸ್ತಕದಿಂದ. ಅದರಲ್ಲೊಬ್ಬ ವಿಕ್ಟೋರಿಯಾ ರಾಣಿಯ ಕಾಲದ ಮೇಜರ್. ಬೆಳಿಗ್ಗೆ ಕವಾಯತು, ಮಧ್ಯಾಹ್ನ ಬರೀ ಶೋಕಿಗೆ ಕ್ರಿಕೆಟ್, ಸಂಜೆ ಹೊಸ ಹೊಸ ಯಂತ್ರ. ಚೆಂಡೆಸೆಯುವ ಯಂತ್ರ ಮಾಡಿ ಅದರೆದುರೇ ಬ್ಯಾಟಿಂಗ್ ಕಲಿತನಂತೆ. ಕಲಿಯದೆ ಏನು? ಬೂಟು ತಿಕ್ಕಲೊಬ್ಬ, ಬೆನ್ನು ತಿಕ್ಕಲೊಬ್ಬ, ಬೇಯಿಸಿ ಹಾಕಲೊಬ್ಬ ಆಳಿದ್ದರೆ ಯಾವ ಕತ್ತೆ ಬೇಕಾದರೂ ಏನಾದರೊಂದು ಕಂಡುಹಿಡಿದೀತು.

ವಲೇರಿಯನನಿಗೆ ಇದ್ದದ್ದು ಫ್ಲಾವಿಯಾ ಒಬ್ಬಳೇ. ಅವಳಿಗಿದ್ದದ್ದು ಮಂಗಳೂರಿನಿಂದ ಹಡಗು ಹತ್ತಿ ಬಂದ ಗ್ರೈಂಡರ್. ಅವಳು ಊರಾಚೆಯ ಗಿಗಿರಿಗೆ ಕೆಲಸಕ್ಕೆ ಹೋದ ಹೊತ್ತು ನೋಡಿ ಈ ಮಹಾವಿಜ್ಞಾನಿ ಅದರ ಕಲ್ಲು ತೆಗೆದ, ವೇಗ ಹೆಚ್ಚಲೆಂದು ಮೋಟಾರಿನ ಪುಟ್ಟ ಗಾಲಿ ಬಿಚ್ಚಿ ದೊಡ್ಡದನ್ನು ಕೂರಿಸಿದ, ಪಾತ್ರೆ ಓರೆ ಮಾಡಿ ಚೆಂಡು ಹಾಕಿದ. ಸ್ವಿಚ್ ಒತ್ತಿದ್ದೇ ಚೆಂಡು ಅವರ ಬಡಾವಣೆ ಕಿಲೆಲೆಶ್ವಾದ ಬೇಲಿಗಳನ್ನೆಲ್ಲ ಹಾರಿ ಕಣ್ಮರೆ. ಬ್ಯಾಟು ಹಿಡಿದು ಎದುರು ನಿಲ್ಲುವಷ್ಟರಲ್ಲಿ ಗೇಟಿನಲ್ಲಿ ಫ್ಲಾವಿಯಾಳ ಕಾರಿನ ಹಾರ್ನ್ ಕೇಳಿತು. ಪಾತ್ರೆ ನೆಟ್ಟಗೆ ಮಾಡಿ ಕಲ್ಲನ್ನು ಒಳಗಿಟ್ಟ. ಗಾಲಿ ಬದಲಿಸಲು ಸೋಮವಾರ ಇದೆಯಲ್ಲ ಅಂದುಕೊಂಡ. ಭಾನುವಾರದ ಸಾನ್ನಾಕ್ಕೆ, ಅಂದರೆ ಹಬೆಯಲ್ಲಿ ಉಬ್ಬುವ ಮಂಗಳೂರು ಇಡ್ಲಿಗೆ, ಶನಿವಾರವೇ ಹಿಟ್ಟು ರುಬ್ಬಬೇಕು ಎಂಬುದು ಅವನ ತಲೆಗೆ ಬರಲೇ ಇಲ್ಲ. ಸಾನ್ನಾ ತಟ್ಟೆಯಲ್ಲೇ ಬೆಳೆಯುತ್ತದೆ ಎಂಬ ನಂಬಿಕೆಯ ಗಂಡಸು.

ಶನಿವಾರ ಸಂಜೆ ಒಲೆ ಮೇಲೆ ಹಂದಿಮಾಂಸ ಬೇಯುತ್ತಿತ್ತು. ವಾಸನೆ ಹಿಡಿದು ಬಂದ ವಿನ್ಸೆಂಟ್ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ, ಅವನ ಮುಂದೆ ವಲೇರಿಯನ್. ಫ್ಲಾವಿಯಾ ನೆನೆದ ಅಕ್ಕಿ ಸುರಿದು ಸ್ವಿಚ್ಚಿಗೆ ಕೈ ಹಾಕಿದಳು.

"ಫ್ಲಾವಿ, ತಡಿ ತಡಿ..."

ತಡವಾಗಿತ್ತು. ಅಕ್ಕಿ ನೀರು ಸಮೇತ ಎದ್ದು ಬಂತು. ಗೋಡೆಯ ಮೇಲಿನ ಯೇಸುವಿನ ಕೊನೆಯ ಭೋಜನದ ಪಟದಲ್ಲಿ ಎಲ್ಲರಿಗೂ ಬಡಿಸಿಯಾಯಿತು. ವಲೇರಿಯನ್ ಕಣ್ಣು ಮುಚ್ಚಿ ಬಗ್ಗಿದ. ಉಳಿದದ್ದೆಲ್ಲ ವಿನ್ಸೆಂಟನ ಮೋರೆಗೆ. ಫ್ಲಾವಿಯಾ ಮಾತ್ರ ಕಣ್ಣು ಬಿಟ್ಟುಕೊಂಡೇ ಮುಂದೆ ಹೋಗಿ ಪ್ಲಗ್ ಕಿತ್ತಳು.

"ಎಂತ ಮಾಡಿದ್ದು ನೀವು ಇದಕ್ಕೆ?"

"ಅದು... ಬೌಲಿಂಗ್ ಮೆಷಿನ್."

ವಿನ್ಸೆಂಟ್ ಮೀಸೆಯಿಂದ ಅಕ್ಕಿ ಒರೆಸಿಕೊಂಡ. "ಇಷ್ಟು ದಿನ ನಿನ್ನ ಬ್ಯಾಟೇ ಸರಿ ಇಲ್ಲ ಅಂದ್ಕೊಂಡಿದ್ದೆ ಮಾರಾಯ. ನೀನು ಚೆಂಡು ಬಂದ್ರೆ ಕಣ್ಣು ಮುಚ್ಚುದು. ಅಕ್ಕಿ ಬಂದ್ರೂ ಮುಚ್ಚುದು."

"ಹಾಗಾದ್ರೆ ನಾಳೆ ನಾನು..."

"ನಾಳೆ ನಿನ್ನ ಜಾಗದಲ್ಲಿ ಫ್ಲಾವಿ ಆಡ್ತಾಳೆ."

"ಆಯ್ತು ಅಣ್ಣ" ಎಂದಳು ಅವಳು, ಏಪ್ರನ್ ಬಿಚ್ಚಿ ಗಂಡನ ಕೊರಳಿಗೆ ತೊಡಿಸುತ್ತ. "ನೀವು ಆ ಗಾಲಿ ಮೊದಲಿನ ಹಾಗೆ ಮಾಡಿ, ಬೇರೆ ಅಕ್ಕಿ ನೆನೆಹಾಕಿ ರುಬ್ಬಿ. ಉಪ್ಪು ಮರೀಬೇಡಿ."

ಮರುದಿನ ಫ್ಲಾವಿಯಾ ಏಳು ರನ್ ಹೊಡೆದಳು. ವಲೇರಿಯನನ ಸಾನ್ನಾ ಒಂದು ಕೈಜಾರಿ ಬಿದ್ದು ಮೊಣಕಾಲೆತ್ತರ ಪುಟಿಯಿತು.

ನಕ್ಕದ್ದು ಸಾಕು. ನಾಳೆಯ ಹಿಟ್ಟು ನಿಮ್ಮ ಮನೆಯಲ್ಲಿ ರುಬ್ಬುವವರು ಯಾರು? ಅವರನ್ನು ಕೂರಿಸಿ, ಎದ್ದು ಹೋಗಿ ನೀವು ರುಬ್ಬಿ.