ನಮ್ಮತ್ತೆಯ ಗುರಿ: ನೂರಾ ಅರವತ್ತು ಕಥೆ

ಒಂದೇ ತಿಂಗಳಲ್ಲಿ ನೂರಾ ಅರವತ್ತು ಕಥೆ ಓದಿ, ಒಂದೊಂದಕ್ಕೂ ಬೇರೆ ಬೇರೆ ವಿಮರ್ಶೆ ಬರೆಯುತ್ತೇನೆಂದು ಪಣ ತೊಟ್ಟ ವಿಮರ್ಶಕರು ಯಾರಾದರೂ ನಿಮಗೆ ಗೊತ್ತೇ? ನನಗೆ ಗೊತ್ತು. ಗಜೇಂದ್ರಗಡದಲ್ಲಿದ್ದಾಳೆ. ಕಲಿತದ್ದು ಏಳನೆಯ ಇಯತ್ತೆ, ಕೂರುವುದು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ, ಸಂಬಂಧದಲ್ಲಿ ನನ್ನ ಸೋದರತ್ತೆ. ಕನ್ನಡದಲ್ಲಿ ವಿಮರ್ಶಕರ ಕೊರತೆ ಇದೆ ಎಂದು ಯಾರಾದರೂ ವೇದಿಕೆಯ ಮೇಲೆ ಕೊರಗಿದರೆ ನನಗೆ ನಗು ಬರುತ್ತದೆ. ಪಾಪ, ಅವರು ಗಜೇಂದ್ರಗಡದ ಬಸ್ಸು ಹತ್ತಿಲ್ಲ!

ಇದೆಲ್ಲ ಶುರುವಾದದ್ದು ಒಂದು ಧಾರಾವಾಹಿಯಿಂದ. ಇಬ್ಬರು ಅಕ್ಕತಂಗಿಯರ ಕಥೆ. ಅತ್ತೆ ಅದನ್ನು ಒಂದು ದಿನವೂ ಬಿಡದೆ ನೋಡುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಅದು ಮುಗಿದುಹೋಯಿತು. ತಂಗಿಯ ಮದುವೆ ಆಗಲಿಲ್ಲ, ಅಕ್ಕನ ಗಂಡ ಊರಿಗೆ ಮರಳಲಿಲ್ಲ, ಎಲ್ಲವೂ ಅರ್ಧಕ್ಕೇ ನಿಂತವು. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಆಮೇಲೆ ಯಾರೋ ಅವಳನ್ನು ಮೊಬೈಲಿನಲ್ಲಿ ಒಂದು ಬಳಗಕ್ಕೆ ಸೇರಿಸಿದರು. ಅಲ್ಲಿ ಅವಳಂತೆಯೇ ಊಟ ಬಿಟ್ಟ ನೂರಾರು ಮಂದಿ ಇದ್ದರು. ಅದೇ ಪಾತ್ರಗಳನ್ನು ಇಟ್ಟುಕೊಂಡು ತಮಗೆ ಬೇಕಾದ ಹಾಗೆ ಮುಂದಿನ ಕಥೆ ತಾವೇ ಬರೆಯುತ್ತಿದ್ದರು. ಇದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ ಎಂದು ನಾನು ನರಗುಂದದ ಹೈಸ್ಕೂಲಿನ ಕನ್ನಡ ಮಾಸ್ತರಿಣಿಯ ಗತ್ತಿನಲ್ಲಿ ವಿವರಿಸಲು ಹೊರಟೆ.

"ನಂಗ ಹೇಳಾಕ ಬರಬ್ಯಾಡ. ಸೀರಿ ಒಡಲು ಮಂದೀದು, ಸೆರಗು ನಂದು. ಇಷ್ಟ ಹೌದಲ್ಲ?" ಅಂದಳು ಅತ್ತೆ.

ಅವರ ಕಡೆಯ ಸೀರೆಗಳಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಆ ಜೋಡಣೆ ಕಣ್ಣಿಗೆ ಬೀಳದಿದ್ದರೆ ನೇಯ್ದವರು ಗಟ್ಟಿಗರು ಎಂದರ್ಥ. ಇಡೀ ಒಂದು ಸಾಹಿತ್ಯ ಪ್ರಕಾರವನ್ನು ಒಂದು ಸೆರಗಿನಲ್ಲಿ ಕಟ್ಟಿ ಕೈಗೆ ಕೊಟ್ಟಳಲ್ಲ! ನಾನು ಬಿ.ಎಡ್. ಮಾಡಿದ್ದು ಯಾವ ಪುರುಷಾರ್ಥಕ್ಕೆ?

ಈ ಬಳಗ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುತ್ತದೆ. ಪ್ರಶಸ್ತಿಯೆಂದರೆ ಹೂಬಳ್ಳಿಯ ಅಂಚಿರುವ ಒಂದು ಚಿತ್ರ, ಅದರಲ್ಲಿ ನಿಮ್ಮ ಹೆಸರು, ಅಷ್ಟೇ. ಆದರೆ ನಿಯಮಗಳು ಕಟ್ಟುನಿಟ್ಟು. ಒಂದು ತಿಂಗಳು ಓದುಗರೆಲ್ಲ ಕಥೆಗಳಿಗೆ ವಿಮರ್ಶೆ ಬರೆಯಬೇಕು. ಕಡೆಯ ಭಾನುವಾರ ಸಂಜೆಯೊಳಗೆ ಐದು ವಿಮರ್ಶೆ ಸಿಗದ ಕಥೆ ಪಟ್ಟಿಯಿಂದ ಹೊರಗೆ. ಅದಕ್ಕಾಗಿ ತಿಂಗಳ ಮೊದಲ ದಿನವೇ ಪ್ರತಿಯೊಬ್ಬರೂ ತಮ್ಮ ತಮ್ಮ ಗುರಿ ಘೋಷಿಸಬೇಕು. ಒಬ್ಬರು ಹತ್ತು ಎಂದರು, ಒಬ್ಬರು ಹದಿನೈದು ಎಂದರು. ತೀರಾ ಉತ್ಸಾಹಿಯೊಬ್ಬರು ಮೂವತ್ತು ಎಂದು ಬರೆದು ಚಪ್ಪಾಳೆಯ ಚಿತ್ರ ಗಿಟ್ಟಿಸಿದರು. ನಮ್ಮತ್ತೆ ಬರೆದದ್ದು ಒಂದೇ ಪದ: "ಎಲ್ಲಾ."

ಪಟ್ಟಿಯಲ್ಲಿದ್ದದ್ದು ನೂರಾ ಅರವತ್ತು ಕಥೆ!

"ದಿನಕ್ಕ ಐದೂವರಿ ಬೀಳ್ತಾವು" ಎಂದು ಲೆಕ್ಕ ಹೇಳಿದಳು.

"ಅರ್ಧ ಕಥಿ ಹ್ಯಾಂಗ ಓದ್ತಿ ಅತ್ತಿ?"

"ಅರ್ಧ ಸೀರಿ ನೇಯ್ದು ಎದ್ದು ಹೋಗೂದಿಲ್ಲೇನು? ಮರುದಿನ ಬಂದು ಕುಂದರ್ತೀವಿ."

ಮಗ್ಗದ ಮುಂದಿನ ಗೂಟಕ್ಕೆ ಮೊಬೈಲು ಕಟ್ಟಿದಳು. ಪಕ್ಕದಲ್ಲಿ ಒಂದು ಕೆಂಪು ನೂಲು ಇಳಿಬಿಟ್ಟಳು. ಒಂದು ವಿಮರ್ಶೆ ಮುಗಿದರೆ ನೂಲಿಗೆ ಒಂದು ಗಂಟು. ಸಂಜೆಯ ಹೊತ್ತಿಗೆ ಐದು ಗಂಟು ಬೀಳದಿದ್ದರೆ ಅವಳು ಚಹಾ ಕುಡಿಯುವುದಿಲ್ಲ. ಗುರಿ ಅವಳದು, ಶಿಕ್ಷೆಯೂ ಅವಳದೇ, ಸರಿ. ಆದರೆ ಅವಳು ಕುಡಿಯದ ದಿನ ಒಲೆಯ ಮೇಲೆ ಚಹಾವೇ ಏರುವುದಿಲ್ಲವಲ್ಲ! ಹೀಗಾಗಿ ನಮ್ಮ ಮಾಮ, ಅಂದರೆ ಅವಳ ಗಂಡ, ಹುಟ್ಟಿದಾಗಿನಿಂದ ಒಂದು ಕಥೆಯನ್ನೂ ಓದದ ಮನುಷ್ಯ, ಮೊದಲ ವಾರದಲ್ಲೇ ಸಾಹಿತ್ಯಾಭಿಮಾನಿಯಾದರು. ಅವಳು ಲಾಳಿ ಎಸೆಯುತ್ತಿದ್ದರೆ ಇವರು ಲಾಳಿಯ ಕಂಡಿಕೆಗೆ ನೂಲು ಸುತ್ತುವುದು ಬಿಟ್ಟು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

"ಮೂರ ಆದುವು. ಇನ್ನೆರಡ ಓದಿದ್ರ ನಂಗ ಚಾ ಸಿಗ್ತೈತವಾ" ಎಂದು ನನಗೆ ಫೋನಿನಲ್ಲಿ ಹೇಳುವಾಗ ಅವರ ದನಿಯಲ್ಲಿ ಮಠದ ಭಕ್ತರ ದೈನ್ಯವಿತ್ತು.

ಇನ್ನು ಓದುವ ಕ್ರಮ! ಅತ್ತೆ ಮೊದಲು ಕಡೆಯ ಪುಟ ಓದುತ್ತಾಳೆ. ಯಾಕೆಂದು ಕೇಳಿದರೆ, "ಸೀರಿ ಹಿಂದ ಮುಂದ ತಿರುವಿ ನೋಡದ ತಗೋತಿಯೇನು?" ಎನ್ನುತ್ತಾಳೆ. ನಾವಿಬ್ಬರೂ ಮದುವೆಯೊಂದಕ್ಕೆ ರಾಜೂರಿಗೆ ಹೋಗುವಾಗ ಬಸ್ಸಿನಲ್ಲೂ ಓದು ನಡೆದಿತ್ತು. ಅಕ್ಕನಿಗೆ ಎರಡನೆಯ ಮದುವೆ ಮಾಡಿಸಿದ ಕಥೆ ಅದು. ಪಕ್ಕದಲ್ಲಿ ಕುಳಿತಿದ್ದ ಯಾವಗಲ್ ಊರಿನ ಹೆಂಗಸೊಬ್ಬಳು, "ಯಾರಿಗೆ ಮದುವಿ?" ಎಂದು ಇಣುಕಿದಳು. ಅತ್ತೆ ಹೇಳಿದಳು. ಆಕೆ, "ಅಯ್ಯ, ಆ ಹುಡುಗನ ನಂಬಬ್ಯಾಡ್ರಿ!" ಅಂದಳು. ಹಿಂದಿನ ಸೀಟಿನವರು ಹುಡುಗನ ಪರ ನಿಂತರು. ಕಂಡಕ್ಟರ್ ಟಿಕೆಟು ಹರಿಯುವುದು ಬಿಟ್ಟು, "ಮೊದಲನೇ ಗಂಡ ಬದುಕಿದ್ದಾನೋ ಇಲ್ಲೋ ಅದನ್ನ ಮೊದ್ಲ ಹೇಳ್ರಿ" ಎಂದು ಮೂಲಪ್ರಶ್ನೆ ಎತ್ತಿದ. ಅದು ಇತ್ಯರ್ಥವಾಗುವಷ್ಟರಲ್ಲಿ ರಾಜೂರು ಬಂದು ಹೋಗಿತ್ತು. ಕಥೆಯ ಮದುವೆ ಆಯಿತು, ನಾವು ಹೊರಟ ಮದುವೆಯ ಅಕ್ಕಿಕಾಳು ತಪ್ಪಿತು!

ಹಾಸ್ಯ ಹಾಗಿರಲಿ. ನಲವತ್ತು ಉತ್ತರಪತ್ರಿಕೆ ತಿದ್ದಿದರೆ ತಲೆಗೆ ಬಟ್ಟೆ ಕಟ್ಟಿ ಮಲಗುವವಳು ನಾನು. ಇವಳು ಹಗಲೆಲ್ಲ ಸೀರೆ ನೇಯ್ದು, ನಡುನಡುವೆ ಒಂದೇ ಬೆರಳಿನಲ್ಲಿ ಅಕ್ಷರ ಒತ್ತಿ, ಗುರುತು ಪರಿಚಯ ಇಲ್ಲದವರ ಬರಹಕ್ಕೆ ಇಷ್ಟು ಮರ್ಯಾದೆ ಕೊಡುತ್ತಾಳಲ್ಲ ಎಂದು ನಾನು ನಿಜವಾಗಿಯೂ ಬೆರಗಾದೆ. "ಒಬ್ಬರಾದ್ರೂ ನೋಡ್ಲಿ ಅಂತನ ಅಲ್ಲೇನು ಸೀರಿ ಮಗ್ಗದಿಂದ ಇಳಸಿ ಹಾಸೂದು? ಕಥಿ ಬರದವರೂ ಹಾಸ್ಯಾರ. ನೋಡದ ದಾಟಿ ಹೋಗಬಾರ್ದು" ಎಂದಿದ್ದಳು ಒಮ್ಮೆ.

ಕಡೆಯ ಶನಿವಾರ ನಾನು ರೋಣದಲ್ಲಿ ಬಸ್ಸು ಬದಲಿಸಿ ಗಜೇಂದ್ರಗಡಕ್ಕೆ ಹೋದೆ. ಕೆಂಪು ನೂಲಿನಲ್ಲಿ ನೂರಾ ಐವತ್ತೇಳು ಗಂಟು ಇದ್ದವು, ಉಳಿದದ್ದು ಮೂರೇ ಕಥೆ. ಹಬ್ಬದ ವಾತಾವರಣ ಇರಬೇಕಲ್ಲ? ಇರಲಿಲ್ಲ. ಮಗ್ಗ ನಿಂತಿತ್ತು. ಅತ್ತೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದಳು. ಮಾಮ ಬಾಗಿಲಲ್ಲೇ ನನ್ನ ಕೈಗೆ ಮೊಬೈಲು ಕೊಟ್ಟರು.

ಮುಶಿಗೇರಿ ಗುಬ್ಬಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಹುಡುಗಿಯೊಬ್ಬಳ ಪತ್ರ. ಹೊಲಕ್ಕೆ ಕಳೆ ತೆಗೆಯಲು ಹೋಗುವಾಕೆ, ಬುತ್ತಿ ಉಂಡು ಕೂತ ಹೊತ್ತಿನಲ್ಲಿ ಬರೆದೆ ಎಂದು ಕಥೆಯ ಮೊದಲಿಗೇ ಹೇಳಿಕೊಂಡಿದ್ದಳು. "ಅತ್ತಿಯವರಿಗೆ ನಮಸ್ಕಾರ. ನಿಮ್ಮ ವಿಮರ್ಶೆ ನೋಡಿದೆ. ನನಗೆ ಬರೆಯಲು ಬರುವುದಿಲ್ಲ ಎಂದು ತಿಳಿಯಿತು. ನಾಳೆ ಮಧ್ಯಾಹ್ನ ಕಥೆ ಅಳಿಸುತ್ತೇನೆ. ಇನ್ನು ಬರೆಯುವುದಿಲ್ಲ."

ಅತ್ತೆ ಬರೆದದ್ದೇನೆಂದು ಹುಡುಕಿದೆ. "ಮೂರನೇ ಅಧ್ಯಾಯದಾಗ ಆಕಿ ಚಾ ತರ್ತಾಳ. ಅದಕ್ಕ ಸಕ್ರಿ ಹಾಕಿದ್ದು ಎಲ್ಲೂ ಬರದಿಲ್ಲ. ಎಳಿ ಜೋಲು ಬಿದ್ದೈತಿ. ಇಂಥಾ ಜೋಲು ಎಳಿ ನಾ ಎಲ್ಲೂ ನೋಡಿಲ್ಲ." ಇಷ್ಟೇ! ಅದರ ಮೇಲಿನ ಕಥೆಗೋ, ದೇವರೇ, ಸತ್ತ ಅಜ್ಜ ಮೂರು ಸಲ ಬದುಕಿ ಬರುವ ಕಥೆಗೆ, "ಭಾಳ ಚಲೋ ಐತಿ, ಭಾಳ ಚಲೋ ಐತಿ" ಎಂದು ಬರೆದಿದ್ದಳು. ಆ ಮಹಾನುಭಾವ ಅದನ್ನು ತನ್ನ ಹೆಸರಿನ ಕೆಳಗೆ ಬಿರುದಿನ ಹಾಗೆ ಹಾಕಿಕೊಂಡಿದ್ದ.

"ಅತ್ತಿ, ಆ ಹುಡುಗಿ ಕಥಿ ಅಷ್ಟು ಕೆಟ್ಟೈತೇನು?"

"ಕೆಟ್ಟ? ಏ ಹುಚ್ಚಿ, ಇಡೀ ಪಟ್ಟ್ಯಾಗ ಅದರಂಥಾ ಕಥೀನ ಇಲ್ಲ!"

"ಮತ್ತ ಹಿಂಗ್ಯಾಕ ಬರದಿ?"

"ಚಲೋ ಇದ್ದದ್ದಕ್ಕ ಚಲೋ ಐತಿ ಅಂದ್ರ ದೃಷ್ಟಿ ಆಗೂದಿಲ್ಲೇನು?"

ಆಗ ತಿಳಿಯಿತು. ನೇಕಾರರ ಓಣಿಯಲ್ಲಿ ಒಂದು ರೂಢಿ. ಹೊಸ ಸೀರೆ ಮಗ್ಗದಿಂದ ಇಳಿದರೆ ನೋಡಲು ಬಂದವರು ಹೊಗಳುವ ಹಾಗಿಲ್ಲ, ಒಂದು ಕುಂದು ಎತ್ತಿ ಹೇಳಬೇಕು. ಸೀರೆ ಚೆಂದವಿದ್ದಷ್ಟೂ ಕುಂದು ದೊಡ್ಡದಾಗುತ್ತದೆ. ಅಂಚು ಸೊಟ್ಟ, ಎಳೆ ಬಿಗಿಯಿಲ್ಲದೆ ಜೋಲು ಎಂದು ನಾಲ್ಕು ಮಂದಿ ಹಳಿದು ಹೋದರೆ ನೇಯ್ದವಳು ಹಿಗ್ಗಿ ಎಲ್ಲರಿಗೂ ಚಹಾ ಮಾಡುತ್ತಾಳೆ. ಕೆಟ್ಟ ಸೀರೆಗೆ ದೃಷ್ಟಿಯ ಭಯವಿಲ್ಲ, ಅದಕ್ಕೆ ಧಾರಾಳವಾಗಿ "ಭಾಳ ಚಲೋ" ಎನ್ನಬಹುದು. ನೂರಾ ಐವತ್ತೇಳು ಕಥೆಗಳಿಗೂ ನಮ್ಮತ್ತೆ ಓಣಿಯ ನ್ಯಾಯವನ್ನೇ ಹಚ್ಚಿದ್ದಳು! ಚೆನ್ನಾಗಿ ಬರೆದವರೆಲ್ಲ ಮುಖ ಬಾಡಿಸಿಕೊಂಡು, ಉಳಿದವರೆಲ್ಲ ಬೀಗುತ್ತಾ ಕೂತಿದ್ದರು.

ನನಗೆ ನಗು ಉಕ್ಕಿತು, ಮರುಕ್ಷಣವೇ ನನ್ನ ಹಳೆಯ ಅಂಕಪಟ್ಟಿಗಳು ನೆನಪಾದವು. ನಾನು ಬೆಳೆದದ್ದು ನರಗುಂದದಲ್ಲಿ. ಓಣಿಯ ಈ ರೂಢಿ ನನಗೆ ಯಾರೂ ಹೇಳಿರಲಿಲ್ಲ. ಪ್ರತಿ ಸೂಟಿಯಲ್ಲೂ ಅಂಕಪಟ್ಟಿ ಹಿಡಿದು ಇವಳ ಮುಂದೆ ನಿಲ್ಲುತ್ತಿದ್ದೆ. ತರಗತಿಗೆ ಮೊದಲು ಬಂದ ವರ್ಷ, "ಅಕ್ಷರ ನೋಡು, ಕೋಳಿ ಕೆದರಿದಂಗ" ಅಂದಿದ್ದಳು. ಭಾಷಣ ಸ್ಪರ್ಧೆಯಲ್ಲಿ ಗೆದ್ದಾಗ, "ದನಿ ಕೀರಲು" ಅಂದಳು. ಮಾತು ಮರೆತು ನಾಟಕ ಕೆಡಿಸಿದ ದಿನ ಮಾತ್ರ, "ಭಾಳ ಚಲೋ ಮಾಡಿದೆವ್ವಾ" ಎಂದು ತಲೆ ಸವರಿದ್ದಳು. ಈ ಅತ್ತೆಗೆ ನಾನು ಬೇಡವಾದವಳು ಎಂದು ಮೂವತ್ತು ವರ್ಷ ಒಳಗೇ ಇಟ್ಟುಕೊಂಡಿದ್ದೆ. ಆದರೆ ಅದು ಅದನ್ನು ಹೇಳುವ ಹೊತ್ತಾಗಿರಲಿಲ್ಲ.

"ಆ ಹುಡುಗಿಗೆ ನಿಮ್ಮ ಓಣಿ ರೂಢಿ ಹೆಂಗ ಗೊತ್ತಾಗಬೇಕು? ಖರೇ ಏನೈತಿ ಅದನ್ನ ಬರದು ಕಳಸು. ನಾಳಿ ಅಳಿಸಿಬಿಡ್ತಾಳ" ಅಂದೆ.

"ನಂಗ ಬರೂದಿಲ್ಲವಾ. ಗೆಳತಿ ಒಬ್ಬಾಕಿ ಸೀರಿ ನೋಡಿ ಒಮ್ಮೆ ಬಾಯಿ ತುಂಬ ಹೊಗಳಿದ್ನಿ. ಎಂಟ ದಿನಕ್ಕ ಆಕಿ ಬಿದ್ದು ಕೈ ಮುರಕೊಂಡ್ಳು. ಈ ಹುಡುಗಿ ಕೈಗೆ ಏನರ ಆದ್ರ?"

ಇದು ನಗುವ ಮಾತಾಗಿರಲಿಲ್ಲ. ಭಾನುವಾರ ಬೆಳಗಾದರೂ ಹಾಗೆಯೇ ಕೂತಿದ್ದಳು. ಉಳಿದ ಮೂರು ಕಥೆಗಳನ್ನು ಮುಟ್ಟಲಿಲ್ಲ. ನಾನು ಬರೆದುಕೊಡಲೇ ಎಂದೆ. "ಬ್ಯಾಡ, ಹಳದಾಕಿ ನಾನು, ಹೊಗಳಾಕೀನೂ ನಾನ ಆಗಬೇಕು" ಅಂದಳು. ಮಾಮ ಯಾರೂ ಹೇಳದೆಯೇ ತಮ್ಮ ಚಹಾದ ಆಸೆ ಬಿಟ್ಟು ಅಂಗಳಕ್ಕೆ ಹೋದರು.

ಹನ್ನೊಂದರ ಹೊತ್ತಿಗೆ ಸಟ್ಟನೆ ಎದ್ದಳು. ದೇವರ ಮಾಡದಿಂದ ಕಾಡಿಗೆಯ ಡಬ್ಬಿ ತಂದಳು. ಹೆಬ್ಬೆರಳಿಗೆ ಕಾಡಿಗೆ ಹಚ್ಚಿ ಮೊಬೈಲಿನ ಪರದೆಯ ಮೇಲೆ, ಆ ಕಥೆಯ ಹೆಸರಿನ ಪಕ್ಕ, ಕೂಸಿನ ಕೆನ್ನೆಗೆ ಇಡುವಂತೆ ಒಂದು ದೊಡ್ಡ ಬೊಟ್ಟು ಒತ್ತಿದಳು. ಆಮೇಲೆ ಬರೆಯಲು ಕೂತಳು.

"ಗುಬ್ಬೀ, ಆ ಧಾರಾವಾಹಿಯಾಗ ಚಾ ತಟ್ಟಿ ಹಿಡಕೊಂಡು ಬರೋ ಹೆಂಗಸಿಗೆ ಒಂದ ಮಾತೂ ಇರಲಿಲ್ಲ. ನಾ ದಿನಾ ಆಕಿನ್ನ ನೋಡೀನಿ, ಆಕಿಗೂ ಒಂದು ಕಥಿ ಇರಬಹುದು ಅಂತ ನಂಗ ಹೊಳೀಲಿಲ್ಲ. ನೀ ಬರದಿ. ಒಡಲಿಗೂ ಸೆರಗಿಗೂ ಹಾಕಿದ ಕೊಂಡಿ ಹುಡುಕಿ ಹಿಡಿಯಾಕಿ ನಾನು. ನಿಂದರಾಗ ನಂಗ ಕೊಂಡಿ ಸಿಗಲಿಲ್ಲ. ಆಕಿ ಮೊದಲಿಂದ ಮಾತಾಡತಿದ್ಲು, ನಮಗ ಕೇಳಿಸಿರಲಿಲ್ಲ ಅನಸ್ತು. ಅಳಿಸಬ್ಯಾಡ. ನಿನ್ನ ಕೈ ತಣ್ಣಗಿರಲಿ."

ಕಳಿಸುವ ಗುಂಡಿಯ ಮೇಲೆಲ್ಲ ಕಾಡಿಗೆ ಹರಡಿತ್ತು. ಸೆರಗಿನಿಂದ ಅಷ್ಟನ್ನೇ ಒರೆಸಿ ಒತ್ತಿದಳು. ಕಣ್ಣು ಮುಚ್ಚಿಕೊಂಡಿದ್ದಳು.

ಹನ್ನೆರಡಾಯಿತು, ಒಂದಾಯಿತು. ಕಥೆ ಪಟ್ಟಿಯಲ್ಲೇ ಇತ್ತು. ಎರಡೂವರೆಗೆ ಉತ್ತರ ಬಂತು: "ಅಳಸೂದಿಲ್ರಿ ಅತ್ತಿ. ಸಕ್ರಿ ಹಾಕೇನ್ರಿ." ಹೋಗಿ ನೋಡಿದರೆ ಮೂರನೆಯ ಅಧ್ಯಾಯದಲ್ಲಿ ಹೊಸದೊಂದು ಸಾಲು ಸೇರಿತ್ತು. ತಟ್ಟೆ ಎತ್ತುವ ಮೊದಲು ಆ ಹೆಂಗಸು ಚಹಾಕ್ಕೆ ಎರಡು ಚಮಚೆ ಸಕ್ಕರೆ ಹಾಕುತ್ತಾಳೆ!

ಅತ್ತೆಯ ಗುರಿ ಮೂರು ಗಂಟಿನಿಂದ ತಪ್ಪಿತು. ಸಂಜೆ ಚಹಾ ಬಿಡುತ್ತಾಳೆಂದು ಮಾಮ ಮುಖ ಸಣ್ಣ ಮಾಡಿಕೊಂಡರು. ಅವಳೇ ಎದ್ದು ಒಲೆ ಹೊತ್ತಿಸಿದಳು. "ಆ ಒಂದಕ್ಕ ಇನ್ನ ಮೂರು ಗಂಟು ಹಾಕ್ತೇನಿ, ಲೆಕ್ಕ ಸರಿ ಆತು" ಅಂದಳು. ಪ್ರಶಸ್ತಿ ಯಾರಿಗೆ ಬಂತೆಂದು ಕೇಳಬೇಡಿ, ಸತ್ತ ಅಜ್ಜನಿಗೆ ಬಂತು. ಗುಬ್ಬಿ ಈಗ ಎರಡನೆಯ ಕಥೆ ಬರೆಯುತ್ತಿದ್ದಾಳೆ.

ಇಲ್ಲಿಯವರೆಗೆ ಬರೆದದ್ದನ್ನು ಹೋದ ವಾರ ಅತ್ತೆಯ ಕೈಗೆ ಕೊಟ್ಟೆ. ಮೂವತ್ತು ವರ್ಷ ಒಳಗಿಟ್ಟುಕೊಂಡದ್ದೂ ಅದರಲ್ಲಿತ್ತು. ಎಂದಿನಂತೆ ಕಡೆಯ ಹಾಳೆ ಮೊದಲು ಓದಿದಳು, ಆಮೇಲೆ ಎಲ್ಲವನ್ನೂ ಓದಿದಳು. ಕನ್ನಡಕ ತೆಗೆದಿಟ್ಟು ಒಳಗೆ ಹೋದಳು. ಸಿಟ್ಟು ಬಂದಿರಬೇಕು ಎಂದುಕೊಂಡೆ. ಬರುವಾಗ ಕೈಯಲ್ಲಿ ಕಾಡಿಗೆಯ ಡಬ್ಬಿ ಇತ್ತು.

"ತಲಿ ಈ ಕಡೆ ತಿರುಗಿಸು."

ನನಗೆ ನಲವತ್ತಮೂರು ವರ್ಷ. ಹತ್ತನೆಯ ತರಗತಿಯ ಉಡಾಳರು ನನ್ನ ನೆರಳು ಕಂಡರೆ ಓಡುತ್ತಾರೆ. ತಲೆ ತಿರುಗಿಸಿದೆ. ಅತ್ತೆ ನನ್ನ ನರೆತ ಕೂದಲು ಸರಿಸಿ, ಕಿವಿಯ ಹಿಂದೆ ಹೆಬ್ಬೆರಳು ಗಟ್ಟಿಯಾಗಿ ಒತ್ತಿದಳು. ಬೊಟ್ಟು ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡಿದಳು. ಆಮೇಲೆ ಬಗ್ಗಿ ಅದೇ ಕಿವಿಯಲ್ಲಿ ಒಂದು ಮಾತು ಹೇಳಿದಳು.

ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ. ಎರಡನೆಯ ಪುಟದಲ್ಲಿ ಎಳೆ ಜೋಲು ಬಿದ್ದಿದೆಯಂತೆ, ನೀವು ಅಷ್ಟು ತಿಳಿದುಕೊಂಡರೆ ಸಾಕು.